ಶ್ಯಾಮಸುಂದರ ರಿಫಾ ಬಂದ್ ಮಾಡಿದ್ದು

ಶ್ಯಾಮಸುಂದರ ಸುಳ್ಳು ಹೇಳುವವನಲ್ಲ. ಆದರೆ ಇಂಟರ್‌ವ್ಯೂನಲ್ಲಿ "ಲಿನಕ್ಸ್ ಬರುತ್ತಾ?" ಎಂದು ಕೇಳಿದಾಗ ಅವನ ತಲೆ ತಾನಾಗಿಯೇ ಆಡಿಬಿಟ್ಟಿತ್ತು. ಹಾಗೆ ಆಡಿದ ತಲೆಯ ದೆಸೆಯಿಂದ ತುಮಕೂರಿನ ಈ ಪ್ರಾಣಿ ಗಲ್ಫಿನ ಮನಾಮಾದ ಏಸಿ ಮಾರುವ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಿ ಕೂತಿತು. ಪರೀಕ್ಷಾವಧಿ ಮುಗಿಯುವುದು ಈ ಗುರುವಾರ. ಕೆಲಸ ಕಾಯಂ ಆದರೆ ಹೆಂಡತಿ ಪ್ರೇರಣಾಗೆ ವೀಸಾ, ಆಗದಿದ್ದರೆ ಇವನಿಗೇ ವಾಪಸ್ ಟಿಕೆಟ್ಟು. ಆ ಮಹಾತಾಯಿ ಊರಿನಲ್ಲಿ ಆಗಲೇ ತನ್ನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮಿಕ್ಸಿಯನ್ನು ತಂಗಿಗೆ ದಾನ ಮಾಡಿ, ಸೂಟ್‌ಕೇಸ್ ಕಟ್ಟಿಕೊಂಡು ಕೂತಿದ್ದಳು.

ಬುಧವಾರ ಸಂಜೆ ಮ್ಯಾನೇಜರ್ ಬ್ರಯಾನ್ ಹೊಸ ಕೆಲಸವೊಂದನ್ನು ಹೇಳಿ ಹೋಗಿದ್ದರು. ನೆಟ್‌ವರ್ಕ್ ಎಮ್ಯುಲೇಟರ್ ಎನ್ನುವ ಸಾಫ್ಟ್‌ವೇರ್ ಹಾಕಿ, ಮನಾಮಾ ಆಫೀಸು ಮತ್ತು ಹತ್ತಿರದ ಊರು ರಿಫಾದಲ್ಲಿರುವ ಶೋರೂಮಿನ ಸಂಪರ್ಕವನ್ನು ಕಂಪ್ಯೂಟರಿನೊಳಗೇ ಕಟ್ಟಿ ತೋರಿಸಬೇಕು. ಅಂದರೆ ನಿಜವಾದ ತಂತಿ, ಪೆಟ್ಟಿಗೆ ಏನೂ ಇಲ್ಲದೆ ಆಡುವ ಮನೆಯಾಟ. ಅದನ್ನು ನೋಡಿ ಕಾಯಂ ಮಾಡುವ ಮಾತು.

ಗುರುವಾರ ಬೆಳಿಗ್ಗೆ ಶ್ಯಾಮಸುಂದರ ಮನೆದೇವರನ್ನು ನೆನೆದು ಲಿನಕ್ಸ್ ಲ್ಯಾಪ್‌ಟಾಪ್ ತೆರೆದ. ಇಂಟರ್ನೆಟ್ಟಿನಲ್ಲಿ ಸಿಕ್ಕ ಆಜ್ಞೆಗಳನ್ನು ಒಂದೊಂದಾಗಿ ಕಾಪಿ ಮಾಡಿ ಕಪ್ಪು ಕಿಟಕಿಗೆ ಅಂಟಿಸಿದ. ಅದು ಪಾಸ್‌ವರ್ಡ್ ಕೇಳಿತು. ಕೊಟ್ಟ. ಈ ಯಂತ್ರದ ಸಕಲ ಅಧಿಕಾರವನ್ನೂ ಕೊಡುತ್ತಿದ್ದೀಯ, ಹುಷಾರು ಎಂಬರ್ಥದ ಸಾಲೊಂದು ಬಂತು. ಅದಕ್ಕೂ ಹೂಂ ಎಂದು ಒತ್ತಿದ. ಸಾಫ್ಟ್‌ವೇರನ್ನು ತೆರೆದರೆ ಸಂಪರ್ಕ ಸಿಗುತ್ತಿಲ್ಲ ಎಂದು ಮುಖ ತಿರುಗಿಸಿತು. ಹಿನ್ನೆಲೆಯಲ್ಲಿ ಓಡುವ ಸೇವೆಯೊಂದನ್ನು ಮೊದಲು ಶುರು ಮಾಡಬೇಕಿತ್ತೆಂದು ಗೊತ್ತಾಗುವಷ್ಟರಲ್ಲಿ ಎರಡು ಲೋಟ ಕರಕ್ ಚಹಾ ಒಳಗೆ ಹೋಗಿತ್ತು.

ಕೊನೆಗೂ ಪರದೆ ತೆರೆಯಿತು. ಶ್ಯಾಮಸುಂದರ ಎರಡು ರೌಟರ್ ಚಿತ್ರ ಎಳೆದು ತಂದು ಒಂದಕ್ಕೆ ಮನಾಮಾ, ಇನ್ನೊಂದಕ್ಕೆ ರಿಫಾ ಎಂದು ಹೆಸರಿಟ್ಟ. ಉತ್ಸಾಹ ನೋಡಿ, ಆಫೀಸಿನ ನಿಜವಾದ ರೌಟರುಗಳ ವಿಳಾಸಗಳನ್ನೇ ಅವಕ್ಕೂ ಕೊಟ್ಟ. ಸ್ಟಾರ್ಟ್ ಒತ್ತಿದ, ಎರಡೂ ಮಾತಾಡಿಕೊಂಡವು. ಮಗುವಿನ ಮೊದಲ ಹೆಜ್ಜೆ ಕಂಡಷ್ಟು ಖುಷಿಯಾಗಿ, ಪರೀಕ್ಷೆಗೆಂದು ರಿಫಾಕ್ಕೆ ಸ್ಟಾಪ್ ಒತ್ತಿದ.

ಮೇಜಿನ ಫೋನು ಹೊಡೆದುಕೊಂಡಿತು. ರಿಫಾ ಶೋರೂಮಿನ ಚಿತ್ರಾ. ಈಗಷ್ಟೇ ನೆಟ್‌ವರ್ಕ್ ಪೂರ್ತಿ ಸತ್ತಿದೆ, ಬಿಲ್ ಆಗುತ್ತಿಲ್ಲ, ಗಿರಾಕಿಗಳು ಕೌಂಟರಿನ ಮೇಲೆ ಏರಿ ಬರುತ್ತಿದ್ದಾರೆ ಎಂದಳು.

ಶ್ಯಾಮಸುಂದರನ ಜೀವ ಬಾಯಿಗೆ ಬಂತು. ಮತ್ತೆ ಸ್ಟಾರ್ಟ್ ಒತ್ತಿದ. ಪರದೆಯ ಮೇಲಿನ ರಿಫಾ ಎದ್ದಿತು, ನಿಜವಾದ ರಿಫಾ ಏಳಲಿಲ್ಲ. ಲ್ಯಾಪ್‌ಟಾಪಿನ ಕೇಬಲ್ ಕಿತ್ತ. ಏಳಲಿಲ್ಲ.

ಅವನ ಮುಖ ಸುಣ್ಣವಾದದ್ದನ್ನು ಕಂಡು ಅಡ್ಮಿನ್ ವಿಭಾಗದ ಫೆಲ್ಸಿ ಬಂದಳು. ಅವಳ ಹಿಂದೆ ಸ್ಟೋರಿನ ಜಯಂತ್. ಸಹಾಯ ಮಾಡಲೆಂದೇ ಹುಟ್ಟಿದ ಇಂಥವರು ಪ್ರತಿ ಆಫೀಸಿನಲ್ಲೂ ಇರುತ್ತಾರೆ. ಫೆಲ್ಸಿ ಹಿಂದೆ ಹೀಗೇ ಏನೋ ಒತ್ತಿದ ಕೇರಳದವನೊಬ್ಬನ ಕತೆ ಹೇಳಿದಳು. ಅವನಿಗೆ ರೂಮಿಗೆ ಹೋಗಿ ಚಪ್ಪಲಿ ಬದಲಾಯಿಸಲೂ ಬಿಡಲಿಲ್ಲವಂತೆ, ನೇರ ಏರ್‌ಪೋರ್ಟಿಗೇ ಕಳಿಸಿದರಂತೆ. ಜಯಂತನದು ಬೇರೆ ದಾರಿ.

"ಮೊದ್ಲು ಅದನ್ನ ತೆಗ್ದು ಬಿಸಾಡಿ ಮಾರಾಯ್ರೆ. ಕಂಡ್ರೆ ತಾನೆ ಕೇಳುದು?"

ಶ್ಯಾಮಸುಂದರ ಎಲ್ಲವನ್ನೂ ಅಳಿಸಿಹಾಕಿದ. ಅಳಿಸಿದ ಮೇಲೆ ಹೊಸ ಭಯ ಹಿಡಿಯಿತು. ಬಂದ್ ಮಾಡಿದ ಸಾಫ್ಟ್‌ವೇರೇ ಹೋದರೆ ಇನ್ನು ರಿಫಾವನ್ನು ತೆರೆಯುವುದು ಯಾವುದರಿಂದ? ಚಿತ್ರಾ ಮತ್ತೆ ಫೋನ್ ಮಾಡಿದಳು. ಅರ್ಬಾಬರೇ ಶೋರೂಮಿಗೆ ಬಂದು ಕೂಗಾಡುತ್ತಿದ್ದಾರಂತೆ. ಅರ್ಬಾಬ್ ಎಂದರೆ ಕಂಪನಿಯ ಮಾಲೀಕರು. ವೀಸಾ ಕೊಡುವವರೂ ಅವರೇ, ಕಿತ್ತುಕೊಳ್ಳುವವರೂ ಅವರೇ. ಸೂಟ್‌ಕೇಸಿನ ಮೇಲೆ ಕೂತ ಪ್ರೇರಣಾ ಶ್ಯಾಮಸುಂದರನ ಕಣ್ಮುಂದೆ ಬಂದಳು. ತಪ್ಪೊಪ್ಪಿಕೊಂಡರೆ ಕನಿಕರವಾದರೂ ಹುಟ್ಟೀತು ಎಂದು ಬ್ರಯಾನ್ ಅವರ ಕ್ಯಾಬಿನ್ ಕಡೆ ನಡೆದ.

ಬ್ರಯಾನ್ ಆಗಷ್ಟೇ ಹೊರಗಿನಿಂದ ಬಂದಿದ್ದರು. ಏಸಿಯ ಕೆಳಗೇ ನಿಂತಿದ್ದರೂ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಸಾರ್, ರಿಫಾ ಬಂದ್ ಮಾಡಿದ್ದು ನಾನೇ," ಎಂದವನೇ ಶ್ಯಾಮಸುಂದರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ.

ಬ್ರಯಾನ್ ಅವನನ್ನೇ ನೋಡಿದರು. ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ನೀವಾ?"

"ಹೌದು ಸಾರ್."

"ಖಂಡಿತ ನೀವೇನಾ?"

"ದೇವರಾಣೆ ಸಾರ್."

ಬ್ರಯಾನ್ ಅವರ ಮುಖ ತಿಳಿಯಾಯಿತು. ಅವನ ಎದುರಿಗೇ ಅರ್ಬಾಬರಿಗೆ ಫೋನ್ ಹಚ್ಚಿ, ತಪ್ಪು ಹೊಸ ಹುಡುಗನದು, ಪಾಪ ತಾನಾಗಿ ಒಪ್ಪಿಕೊಂಡಿದ್ದಾನೆ, ಕೆಲಸದಿಂದ ತೆಗೆಯುವುದು ಬೇಡ, ಪರೀಕ್ಷಾವಧಿಯನ್ನು ಇನ್ನು ಮೂರು ತಿಂಗಳು ಎಳೆದರೆ ಸಾಕು ಎಂದು ಬೇಡಿಕೊಂಡರು. ಶ್ಯಾಮಸುಂದರನ ಕಣ್ಣು ತುಂಬಿತು. ವೀಸಾ ಮುಂದೆ ಹೋದರೂ ತಲೆ ಉಳಿಯಿತಲ್ಲ. ಇಂಥ ಮ್ಯಾನೇಜರ್ ಸಿಗುವುದಕ್ಕೂ ಪುಣ್ಯ ಬೇಕು ಎಂದುಕೊಳ್ಳುತ್ತ ಮೇಜಿಗೆ ಮರಳಿದ.

ಫೋನು ಮತ್ತೆ ಹೊಡೆದುಕೊಂಡಿತು.

"ರಿಫಾ ಬಂತು ಸರ್," ಎಂದಳು ಚಿತ್ರಾ. "ಬೆಳಿಗ್ಗೆ ಬ್ರಯಾನ್ ಸರ್ ಇಲ್ಲಿಗೆ ಬಂದಿದ್ರಲ್ಲ, ಮೊಬೈಲ್ ಚಾರ್ಜಿಗೆ ಅಂತ ನೆಟ್‌ವರ್ಕಿನ ಯುಪಿಎಸ್ಸಿನ ಪ್ಲಗ್ ತೆಗ್ದು ಹಾಗೇ ಬಿಟ್ಟು ಹೋಗಿದ್ರು. ಬ್ಯಾಟರಿ ಇರುವಷ್ಟು ಹೊತ್ತು ನಡೀತು, ಮತ್ತೆ ನಿಂತಿತು. ಅರ್ಬಾಬ್ ಇಲ್ಲಿ ಕೂಗಾಡ್ತಿರುವಾಗ್ಲೇ ಅವರೇ ನೆನಪಾಗಿ ಫೋನ್ ಮಾಡಿದ್ರು. ಅರ್ಬಾಬ್ ಆಚೆ ಹೋದ ಮೇಲೆ ಪ್ಲಗ್ ಹಾಕು, ಯಾರಿಗೂ ಹೇಳ್ಬೇಡ ಅಂದ್ರು. ನೀವು ಅವ್ರ ಜನವೇ ಅಲ್ವಾ, ಅದಕ್ಕೆ ಹೇಳಿದೆ."

ಶ್ಯಾಮಸುಂದರ ರಿಸೀವರ್ ಇಟ್ಟ. ಸಿಟ್ಟು ನೆತ್ತಿಗೇರಿತು. ಕ್ಯಾಬಿನ್ನಿಗೆ ನುಗ್ಗಿಯೂ ನುಗ್ಗಿದ.

"ರಿಫಾ ಬಂತಾ?" ಬ್ರಯಾನ್ ಕಣ್ಣು ಕಿರಿದು ಮಾಡಿ ಕೇಳಿದರು. "ಚಿತ್ರಾ ಎಂತ ಹೇಳಿದ್ಲು?"

ಮೂರು ತಿಂಗಳ ನಂತರ ಸಹಿ ಹಾಕಬೇಕಾದವರೂ ಇವರೇ. ಏರಿದ ಸಿಟ್ಟು ಏರಿದ ದಾರಿಯಲ್ಲೇ ಇಳಿಯಿತು.

"ನನ್ನಿಂದಲೇ ಆಗಿದ್ದಂತೆ ಸಾರ್."

"ಹೌದಾ," ಎಂದು ಬ್ರಯಾನ್ ಬೆನ್ನು ತಟ್ಟಿದರು. "ಅರ್ಬಾಬ್ ಭಾನುವಾರ ಇಲ್ಲಿಗೆ ಬರ್ತಾರೆ. ಮನಾಮಾದಲ್ಲಿ ಕೂತು ರಿಫಾ ಹೇಗೆ ಬಂದ್ ಮಾಡಿದ್ದು ಅಂತ ಅವರಿಗೆ ಕಣ್ಣಾರೆ ನೋಡ್ಬೇಕಂತೆ. ಒಮ್ಮೆ ಬಂದ್ ಮಾಡಿ ತೋರಿಸಿ."