ರವಿಕೆಯ ಜೊತೆಗೊಂದು ಪುಸ್ತಕ

ನಮ್ಮ ಸೋದರತ್ತೆಯ ಹತ್ತಿರ ರವಿಕೆ ಹೊಲಿಸುವುದು ಸುಲಭ. ಬರೀ ರವಿಕೆಯೊಂದನ್ನೇ ತೆಗೆದುಕೊಂಡು ಮನೆಗೆ ಮರಳುವುದು ಮಾತ್ರ ಇದುವರೆಗೆ ಯಾರಿಗೂ ಸಾಧ್ಯವಾಗಿಲ್ಲ! ಆನವಟ್ಟಿಯ ಅವರ ಹೊಲಿಗೆ ಅಂಗಡಿಗೆ ಶಿವಮೊಗ್ಗದಿಂದ ಪಾರ್ಸೆಲ್ ಬಂತೆಂದರೆ ಮೇಲೆ ಲೈನಿಂಗ್ ಬಟ್ಟೆ, ಕೆಳಗೆ ಈಗಷ್ಟೇ ಅಚ್ಚಾದ ಪುಸ್ತಕಗಳು. ಕಾದಂಬರಿ, ಪ್ರವಾಸ ಕಥನ, ವಿಜ್ಞಾನ, ಯಾರದೋ ಆತ್ಮಕಥೆ, ಅತ್ತೆಗೆ ಭೇದವಿಲ್ಲ. ಭುಜದ ಅಳತೆ ತೆಗೆಯುತ್ತ ನಾಲ್ಕು ಮಾತಾಡಿಸಿ, ಯಾರಿಗೆ ಯಾವುದು ಹಿಡಿಸೀತು ಎಂದು ತೀರ್ಮಾನಿಸಿಬಿಡುತ್ತಾರೆ. ಓದಿ ವಾಪಸ್ ತರಬೇಕು. ತರದಿದ್ದರೆ? ಮುಂದಿನ ರವಿಕೆಗೆ ಹುಕ್ಕು ಬೀಳುವುದಿಲ್ಲ, ಅಷ್ಟೇ!

ಗಂಡಸರೂ ಪಾರಾಗಿಲ್ಲ. ಜನ್ಮದಲ್ಲಿ ಪಹಣಿ ಬಿಟ್ಟು ಬೇರೇನೂ ಓದದ ನಮ್ಮಪ್ಪನಿಗೆ ಒಮ್ಮೆ ಹೊಸ ಪತ್ತೇದಾರಿ ಕಾದಂಬರಿ ಕೊಟ್ಟರು. ಶಿಕಾರಿಪುರದ ಬೀಗರ ಮನೆ ನಾಮಕರಣಕ್ಕೆಂದು ಬಸ್ಸು ಹತ್ತಿದ ಅಪ್ಪ ಇಳಿದದ್ದು ಶಿವಮೊಗ್ಗದಲ್ಲಿ! ಅಮ್ಮ ರೇಗಿದರೆ ಅಪ್ಪನದೇ ತಕರಾರು: “ಕೊಲೆ ಮಾಡಿದ್ದು ಯಾರಂತ ಗೊತ್ತಾಗೋಕೆ ಮುಂಚೇನೇ ಶಿಕಾರಿಪುರ ಬಂದ್ಬಿಟ್ರೆ ನಾನೇನ್ ಮಾಡ್ಲಿ?”

ಬಳ್ಳಿಗಾವಿಯ ಜೋಳದ ರೈತರೊಬ್ಬರಿಗೆ ಕೊಟ್ಟದ್ದು ಮಣ್ಣು, ಎರೆಹುಳಗಳ ಬಗೆಗಿನ ಪುಸ್ತಕ. ಹದಿನೈದು ದಿನಕ್ಕೆ ಅವರ ಹೆಂಡತಿ ಅಂಗಡಿಗೆ ನುಗ್ಗಿದರು. “ಏನ್ರೀ ಅಕ್ಕಾ, ಹುಳಕ್ಕೆ ಏಟಾಗ್ತೈತಿ ಅಂತ ನಮ್ಮನೆಯೋರು ಗುದ್ದಲೀನೇ ಮುಟ್ಟವಲ್ರು! ಮನ್ಯಾಗೇ ಕುಂತಾರೆ!”

“ಮನೇಲೇ ಇದಾರಾ? ಹಂಗಾದ್ರೆ ತಡೀರಿ,” ಎಂದು ಅತ್ತೆ ಹೊಸ ಅಡುಗೆ ಪುಸ್ತಕ ತೆಗೆದುಕೊಟ್ಟರು. “ಇದನ್ನೂ ಅವರಿಗೇ ಕೊಡಿ.”

ಇಂಥ ಅತ್ತೆಯೂ ಮೋಸಹೋದರು ಎಂದು ನನಗೆ ಒಮ್ಮೆ ಖುಷಿಯಾಗಿತ್ತು. ಹೊಸಬಾಳೆಯ ಒಬ್ಬ ಹೆಂಗಸು ತಿಂಗಳಿಗೆರಡು ಪುಸ್ತಕ ಒಯ್ದು, “ಭಾಳ ಚಲೋ ಐತ್ರಿ” ಎಂದು ಹಿಂದಿರುಗಿಸುತ್ತಿದ್ದರು. ಒಂದು ದಿನ ನೋಡುತ್ತೇನೆ, ಅಂಗಡಿಯಲ್ಲಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕುಳಿತಿದ್ದಾರೆ! ಅವರು ಹೋದದ್ದೇ ತಡ, “ಅತ್ತೆ, ಅವರಿಗೆ ಓದೋಕೇ ಬರಲ್ಲ!” ಎಂದೆ.

ಅತ್ತೆ ಮಿಷನ್ ನಿಲ್ಲಿಸಲಿಲ್ಲ. “ಗೊತ್ತು ಕಣೇ. ಪಿಯುಸಿ ಮುಗಿಸಿದ ಮಗಳನ್ನ ಓದಿದ್ದು ಸಾಕು ಅಂತ ಮನೇಲಿ ಕೂರಿಸಿದಾರೆ. ಪುಸ್ತಕ ಅವಳಿಗೆ. ಅವಳು ಓದಿ ಹೇಳ್ತಾಳೆ, ಅಮ್ಮ ಕೇಳ್ತಾಳೆ. ಈಗೀಗ ಅಪ್ಪಾನೂ ಬಾಗಿಲ ಹತ್ರ ಬಂದು ನಿಲ್ತಾನಂತೆ.”

ನನ್ನ ಜಾಣತನವೆಲ್ಲ ಇಳಿದುಹೋಯಿತು.

ಈ ಸಲ ಕಾಲೇಜು ಶುರುವಾಗುವ ಹೊತ್ತಿಗೆ ಆ ತಾಯಿ ಬಂದರು. ಜೊತೆಗೆ ಮಗಳು. “ಎರಡು ಜೊತೆ ಚೂಡಿದಾರ್ ಹೊಲೀರಿ ಅಕ್ಕಾ. ಡಿಗ್ರಿಗೆ ಸೇರಿಸೇವಿ. ಅವರಪ್ಪನೇ ಹೋಗಿ ಅರ್ಜಿ ತಂದ್ರು.”

ಅತ್ತೆ ಟೇಪು ಹಿಡಿದರು. ಅಳೆದ ಭುಜವನ್ನೇ ಮತ್ತೆ ಅಳೆದರು. ಆಮೇಲೆ ಪುಸ್ತಕದ ಕಪಾಟಿನ ಬಾಗಿಲು ತೆರೆದು, ಹುಡುಗಿಯನ್ನು ಅದರ ಮುಂದೆ ನಿಲ್ಲಿಸಿ, ನಾನೆಂದೂ ಕೇಳದ ಮೆಲುದನಿಯಲ್ಲಿ ಅಂದರು:

“ನಾನು ಏನು ಓದ್ಲಿ, ನೀನೇ ಆರಿಸ್ಕೊಡವ್ವ.”