ಜರಿ ಗೆರೆಯ ಡೇರೆ

ಮಕ್ಕಳೇ, ನಿಮ್ಮ ಚಿಕ್ಕತಾತ ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ಯಾರಾದರೂ ಕಂಡಿದ್ದೀರಾ? ಮದುವೆಯಾಗಿ ಈ ಮನೆಗೆ ಬಂದ ನಾನೇ ಕಂಡಿರಲಿಲ್ಲ! ನನ್ನ ಈ ಮೈದುನ ಗಿಡಗಳ ವೈರಸ್ ಪತ್ತೆಮಾಡುವ ಲ್ಯಾಬಿನಲ್ಲಿದ್ದವರು. ನಿವೃತ್ತರಾದರೂ ಜೇಬಿನಿಂದ ಭೂತಕನ್ನಡಿ ಇಳಿದಿಲ್ಲ.

ಒಮ್ಮೆ ಗಿರಿನಗರದಲ್ಲಿ ಮದುವೆ. ತಾಳಿ ಕಟ್ಟುವ ಹೊತ್ತಿಗೆ ಇವರು ಮಂಟಪದ ಕಂಬದ ಸೇವಂತಿಗೆಗೆ ಕನ್ನಡಿ ಹಿಡಿದು ನಿಂತಿದ್ದಾರೆ. ಹುಡುಗಿಯ ತಂದೆ, "ಸಾರ್, ಅಕ್ಷತೆ ಹಾಕಿ ಸಾರ್!" ಎಂದರು. ಇವರು ಹಾಕಿದರು, ಸೇವಂತಿಗೆಯ ಮೇಲೆ! "ಪಾಪ, ಆಶೀರ್ವಾದ ಇದಕ್ಕೇ ಜಾಸ್ತಿ ಬೇಕು" ಅಂತೆ.

ಯಡಿಯೂರಿನ ನಮ್ಮ ಅಂಗಳದ ನೇರಳೆ ಬಣ್ಣದ ಡೇರೆ ಹೂವಿನ ಗಿಡ ನಿಮ್ಮ ತಾತ ನೆಟ್ಟಿದ್ದು. ಅವರು ಹೋದಮೇಲೂ ನಾನು ವರ್ಷವರ್ಷ ಗೆಡ್ಡೆ ತೆಗೆದು, ಮರಳಲ್ಲಿಟ್ಟು, ಮತ್ತೆ ನೆಡುತ್ತಿದ್ದೆ. ಒಂದು ವರ್ಷ ಎಲೆಗಳಲ್ಲಿ ಹಳದಿ ಗೆರೆ ಮೂಡಿತು, ಸೀರೆಯ ಜರಿಯ ಹಾಗೆ! ಗಿಡ ಕುಳ್ಳಾದರೇನು, ಹೊಸ ಜಾತಿಯೆಂದು ಹಿಗ್ಗಿ, ಅಕ್ಕಪಕ್ಕದ ಮೂರು ಮನೆಗೆ ಗೆಡ್ಡೆ ಕೊಡುತ್ತೇನೆಂದು ಮಾತೂ ಕೊಟ್ಟೆ.

ಮೈದುನ ಬಂದು ಎಲೆ ತಿರುಗಿಸಿದರು. "ಜರಿ ಅಲ್ಲ ಅತ್ತಿಗೆ, ಮೊಸಾಯಿಕ್ ವೈರಸ್ ಥರ ಇದೆ."

"ಮೊಸಾಯಿಕ್ ಅಂದ್ರೆ ನೆಲಕ್ಕೆ ಹಾಕ್ತಾರಲ್ಲ, ಅದಾ?"

ಅವರು ನಗಲಿಲ್ಲ. ಹಳೆಯ ಲ್ಯಾಬಿಗೆ ಎಲೆ ಕಳಿಸಿದರು. ಅದೇ ಎಂದು ಉತ್ತರ ಬಂತು.

"ಗೆಡ್ಡೆ ಒಳಗೂ ಇರುತ್ತೆ. ಯಾರಿಗೂ ಕೊಡ್ಬೇಡಿ. ಕಿತ್ತು ಸುಡ್ಬೇಕು."

"ಔಷಧಿ ಇಲ್ವಾ?"

"ಇಲ್ಲ," ಎಂದರು, ನನಗಲ್ಲ, ಗಿಡಕ್ಕೆ!

ನಾನು ಅಡುಗೆಮನೆಗೆ ಹೋಗಿ, ಸದ್ದು ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡು, ಅತ್ತುಬಿಟ್ಟೆ. ಹೊರಗೆ ಬಂದರೆ ಇವರು ಗಿಡದ ತುದಿಯ ಚಿಗುರುಗಳನ್ನು ಚಿವುಟಿ, ಒದ್ದೆ ಕಾಗದದಲ್ಲಿ ಸುತ್ತಿ, ನನ್ನ ಟಿಫನ್ ಡಬ್ಬಿಗೆ ಹಾಕುತ್ತಿದ್ದಾರೆ! ಕಾಫಿಗೂ ನಿಲ್ಲದೆ ಹೊರಟರು. ಸಾಯುವ ಗಿಡವನ್ನೂ ಬಿಡರಲ್ಲ ಎಂದು ಬೈದುಕೊಂಡೇ ಗೆಡ್ಡೆಗೆ ಬೆಂಕಿಯಿಟ್ಟೆ.

ವರ್ಷ ಕಳೆದು ಬಂದರು. ಒಂದು ಕೈಯಲ್ಲಿ ನನ್ನ ಡಬ್ಬಿ, ಇನ್ನೊಂದರಲ್ಲಿ ಪುಟ್ಟ ಕುಂಡ. ಅದರಲ್ಲಿ ಗೇಣುದ್ದದ ಡೇರೆ, ಅಚ್ಚ ಹಸಿರು.

"ಚಿಗುರಿನ ತುತ್ತತುದೀಲಿ ಸಾಸಿವೆಗಿಂತ ಸಣ್ಣ ಚೂರಿಗೆ ಎಷ್ಟೋ ಸಲ ವೈರಸ್ ತಲುಪಿರಲ್ಲ. ಅದನ್ನ ಲ್ಯಾಬಲ್ಲಿ ಬಾಟ್ಲಿಲಿ ಬೆಳೆಸಿದ್ವಿ. ಟೆಸ್ಟೂ ಮಾಡ್ಸಿದೀನಿ. ಅಣ್ಣನ ಗಿಡಾನೇ ಇದು."

"ಒಂದ್ ಮಾತು ಮೊದ್ಲೇ ಹೇಳ್ಬಾರ್ದಿತ್ತಾ?"

"ಬಾಟ್ಲಿಲೇ ಸತ್ತೋಗಿದ್ರೆ? ಇನ್ನೊಂದ್ಸಲ ನಲ್ಲಿ ಬಿಟ್ಕೊಂಡು ಅಳ್ತಿದ್ರಿ."

ಈ ಮಾತನ್ನು ಅವರು ಗಿಡಕ್ಕೆ ಹೇಳಲಿಲ್ಲ, ಮಕ್ಕಳೇ. ನನ್ನ ಮುಖ ನೋಡಿ ಹೇಳಿದರು.