ಯಾವ ಬ್ಯಾಟರಿಗೂ ಇಲ್ಲವೆನ್ನದ ಚಾರ್ಜರ್ ಮಹಾಶಯರಿಗೆ

ಮಾನ್ಯರೇ,

“ಪಿನ್ ಒಳಗೆ ಹೋಯ್ತಲ್ಲ, ಇನ್ನೇನು ಬೇಕು?” ಎಂದು ಯಾರೋ ಹೇಳಿದ್ದರು, ಭಾವನೇ ಇರಬೇಕು, ಅಥವಾ ಅವರಿಗೆ ಬೈಕು ಮಾರಿದವರ ಮಾತನ್ನು ಅವರು ಸ್ವಂತದ್ದು ಮಾಡಿಕೊಂಡಿದ್ದರೋ ಏನೋ. ಅದು ಅರ್ಧಂಬರ್ಧ ನೆನಪಾದದ್ದೇ ಈ ಪತ್ರಕ್ಕೆ ಕಾರಣ. ತಾವು ಕ್ಷೇಮವೆಂದು ಬಲ್ಲೆ. ಮೈಮೇಲೆ ಒಂದು ಗೀರೂ ಇಲ್ಲ, ದೀಪ ಮೊದಲಿನಷ್ಟೇ ಪ್ರಸನ್ನವಾಗಿದೆ. ಆ ಮಧ್ಯಾಹ್ನ ನಡೆದದ್ದು ತಮ್ಮ ಗಮನಕ್ಕೇ ಬಂದಿಲ್ಲವೆಂದು ತಿಳಿದು, ಸಕಲ ಗೌರವದೊಂದಿಗೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ಎರಡು ಎಲೆಕ್ಟ್ರಿಕ್ ಬೈಕುಗಳಿವೆ. ಮನೆಮನೆಗೆ ಹೋಗಿ ರೋಗಿಗಳ ಗಾಯಕ್ಕೆ ಪಟ್ಟಿ ಕಟ್ಟುವ ಅಕ್ಕನದು ಮೂವತ್ತಾರು ವೋಲ್ಟಿನ ಬ್ಯಾಟರಿ, ಭಾವನದು ನಲವತ್ತೆಂಟರದು. ತಾವು ಭಾವನ ಬೈಕಿನ ಜೊತೆಗೆ ಬಂದವರು. ಅಕ್ಕನ ಚಾರ್ಜರ್ ಬೇರೆ ಕಂಪನಿಯದಾದರೂ ಅದೇ ಕಪ್ಪು ಡಬ್ಬಿ, ಅದೇ ಗುಂಡು ಪಿನ್, ಅದೇ ದೀಪ. ತಮ್ಮಿಬ್ಬರ ವ್ಯತ್ಯಾಸವೆಲ್ಲ ಹೊಟ್ಟೆಯ ಕೆಳಗೆ ಅಂಟಿಸಿದ ಚೀಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿತ್ತು. ಅಮ್ಮ ಬದುಕಿಡೀ ಬಟ್ಟೆ ಹೊಲಿದವಳು. ರಿಮೋಟಿಗೆ, ಮಿಕ್ಸಿಗೆ, ಕೊನೆಗೆ ನನ್ನ ಕನ್ನಡಕದ ಡಬ್ಬಿಗೂ ಗವಸು ತೊಡಿಸಿದವಳು. ತಮಗೆ ಧೂಳು ಕೂರುತ್ತದೆಂದು ಮರುಗಿ, ಹಳೆಯ ಪರದೆ ಬಟ್ಟೆಯಲ್ಲಿ ಇಬ್ಬರಿಗೂ ಒಂದೇ ಅಳತೆಯ ಗವಸು ಹೊಲಿದಳು. ಚೀಟಿಗಳು ಒಳಗೆ ಸೇರಿದವು. ಗಾಳಿಯಾಡುವ ಸೀಳುಗಳೂ ಸೇರಿದವು.

ಆ ದಿನ ಭಾವ ಗವಸಿನಿಂದ ಗುರುತು ತಪ್ಪಿ ತಮ್ಮದೇ ಸ್ವಂತ ಬೈಕಿಗೆ ಅಕ್ಕನ ಚಾರ್ಜರನ್ನು ಚುಚ್ಚಿದರು. ಚುಚ್ಚಿದ ಕೂಡಲೇ ಹಸಿರು ದೀಪ. ಅದರ ವೋಲ್ಟು ಸಾಲದೆ ಕರೆಂಟು ಬ್ಯಾಟರಿಯೊಳಗೆ ಒಂದು ಹೆಜ್ಜೆಯನ್ನೂ ಇಡದೆ ನಿಂತಿತ್ತೆಂದು ಆಮೇಲೆ ತಿಳಿಯಿತು. ಆಗ ಮಾತ್ರ, “ನೋಡಿದ್ಯಾ, ಹಾಕ್ತಿದ್ದ ಹಾಗೇ ಫುಲ್ಲು! ಗಾಡಿ ಅಂದ್ರೆ ಇದು ಕಣಯ್ಯಾ” ಎಂದು ನನ್ನ ಬೆನ್ನು ತಟ್ಟಿ, ಆ ಚಾರ್ಜರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಮನೆಯಲ್ಲಿ ಉಳಿದವರು ತಾವು. ಅಕ್ಕ ತನ್ನ ಬೈಕಿನಿಂದ ಬಿಚ್ಚಿ ತಂದ ಬ್ಯಾಟರಿಗೆ ತಮ್ಮನ್ನು ಚುಚ್ಚಿದಳು, ತಾವು ಬೇಡವೆನ್ನಲಿಲ್ಲ.

ತಮ್ಮ ಈ ಧಾರಾಳತನವನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಸಾಕೇ ಎಂದು ಕೇಳದೆ ಬಡಿಸುವವರನ್ನು ಕಂಡಿದ್ದೇನೆ. ಉಣ್ಣುವವರ ಹೊಟ್ಟೆ ಎಷ್ಟು ದೊಡ್ಡದೆಂದೂ ನೋಡದೆ ಬಡಿಸುವವರನ್ನು ಕಂಡದ್ದು ತಮ್ಮಲ್ಲೇ. ನಾನು ಐವತ್ತು ದಾಟಿಯೂ ಎಷ್ಟೋ ಕಡೆ ಸರಿಯಾಗಿ ಕೂರಲಾರದವನು. ಎಲ್ಲಿ ಹಾಕಿದರೂ ಹೊಂದಿಕೊಳ್ಳುವ ತಮ್ಮನ್ನು ಕಂಡು ನನಗೆ ಸ್ವಲ್ಪ ಹೊಟ್ಟೆಯುರಿಯೂ ಇತ್ತೆಂದು ಕಾಣುತ್ತದೆ.

ತಾವು ಸೇವೆಯಲ್ಲಿದ್ದ ಜಾಗ ಹೊರಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡು. ನಮ್ಮ ಮನೆಗೆ ಇರುವುದು ಅದೊಂದೇ ಬಾಗಿಲು. ಒಳಕೋಣೆಯಲ್ಲಿ ಅಮ್ಮ ಮಲಗಿದ್ದಳು. ಅವಳು ಎದ್ದು ನಿಲ್ಲಬೇಕಾದರೆ ಮೊದಲು ಎರಡೂ ಮಂಡಿಗಳನ್ನು ಒಪ್ಪಿಸಬೇಕು. ನಾನು ಹತ್ತಿರವೇ ಪುಸ್ತಕ ಹಿಡಿದು ಕೂತಿದ್ದೆ. ಕಾದ ಬಟ್ಟೆಯ ವಾಸನೆ ಬಂತು. ದರ್ಜಿಯ ಮಗನಿಗೆ ಅದು ಅಪಾಯದ ವಾಸನೆಯಲ್ಲ, ಇಸ್ತ್ರಿಯ ವಾಸನೆ, ಪುಟ ತಿರುಗಿಸಿದೆ.

ಆಗ ಅಕ್ಕನಿಗೆ ಭಾವನ ಫೋನು ಬಂತು. “ಫುಲ್ ಆಗಿತ್ತು ಕಣೇ, ದೀಪ ನಾನೇ ನೋಡಿದೀನಿ. ದಿಣ್ಣೆ ಹತ್ತೋ ಮುಂಚೆನೇ ನಿಂತುಬಿಡ್ತು. ತಳ್ಕೊಂಡು ಬರ್ತಿದೀನಿ, ನಗಬೇಡ.” ಅಕ್ಕ ನಗಲಿಲ್ಲ. “ರೀ, ಹಾಗಾದ್ರೆ ನೀವು ಹಾಕಿದ್ದು ನಂದು! ನಿಮ್ಮ ಚಾರ್ಜರ್ ಇಲ್ಲಿ ಯಾವ ಬ್ಯಾಟರಿಗೆ ಹಾಕಿದೀವಿ?” ಎಂದವಳೇ ಗೋಡೆಯ ಸ್ವಿಚ್ಚು ಆರಿಸಿ, ಒಳಗೆ ಓಡಿ, ಅಮ್ಮನ ತೋಳು ಹಿಡಿದು ಎಬ್ಬಿಸಿದಳು. ಬ್ಯಾಟರಿಯ ಒಂದು ಮಗ್ಗುಲು ಉಬ್ಬಿತ್ತು. ಅದರ ಪಕ್ಕದಲ್ಲೇ ಹಾದು ನಾವು ಅಮ್ಮನನ್ನು ಹೊರಗೆ ದಾಟಿಸಬೇಕಿತ್ತು. ಅಷ್ಟು ಹತ್ತಿರದ ಬಾಗಿಲು ಅಷ್ಟು ದೂರವಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ನಿಂತ ಅಮ್ಮ, “ಬೆಂಕಿನೂ ಇಲ್ಲ, ಹೊಗೆನೂ ಇಲ್ಲ, ಚಪ್ಪಲಿ ಹಾಕ್ಕೊಳೋಕೂ ಬಿಡಲಿಲ್ವಲ್ಲೇ” ಎಂದು ಸಿಡುಕಿದಳು.

ಬೆಂಕಿ ಹತ್ತಲಿಲ್ಲ, ಅದಕ್ಕಾಗಿ ತಮಗೆ ವಂದನೆ. ಆ ಬ್ಯಾಟರಿಯನ್ನು ಇನ್ನು ಯಾರೂ ಮುಟ್ಟಬಾರದೆಂದು ರಿಪೇರಿಯವರು ಒಯ್ದಿದ್ದಾರೆ, ಅಕ್ಕ ರೋಗಿಗಳ ಮನೆಗೆ ನಡೆದು ಹೋಗುತ್ತಿದ್ದಾಳೆ. ಗವಸು ಬಿಚ್ಚಿ ಓದಿದರೆ ತಮ್ಮ ಚೀಟಿಯಲ್ಲಿ ಐವತ್ತನಾಲ್ಕು ಪಾಯಿಂಟ್ ಆರು ವೋಲ್ಟು, ಅಕ್ಕನದರಲ್ಲಿ ನಲವತ್ತೆರಡು. ಭಾವ, “ನಂದು ನಲವತ್ತೆಂಟು, ಹಾಗಿದ್ರೆ ನಲವತ್ತೆರಡೇ ಹತ್ರ ಅಲ್ವಾ?” ಎಂದು ಮತ್ತೆ ಅದನ್ನೇ ಕೈಗೆತ್ತಿಕೊಂಡಿದ್ದರು. ಮೂವತ್ತಾರರ ಬ್ಯಾಟರಿ ತುಂಬಲು ನಲವತ್ತೆರಡು, ನಲವತ್ತೆಂಟರದಕ್ಕೆ ಐವತ್ತನಾಲ್ಕು ಪಾಯಿಂಟ್ ಆರು. ಬ್ಯಾಟರಿಯ ಜೊತೆ ಬಂದ ಪುಸ್ತಿಕೆಯಲ್ಲಿ ಚಾರ್ಜಿಗೆಂದು ಹೇಳಿದ ಅಂಕಿಯೂ ಚಾರ್ಜರಿನ ಅಂಕಿಯೂ ಒಂದೇ ಆಗಿರಬೇಕು, ಹತ್ತಿರವಿದ್ದರೆ ಸಾಲದು ಎಂದು ಅಕ್ಕ ಅವರ ಕೈಯಿಂದ ಕಿತ್ತುಕೊಂಡಳು.

ಈಗ ನನ್ನ ಕೋರಿಕೆಗಳು. ತಾವು ದಯಮಾಡಿ ಒಂದಿಷ್ಟು ಬಿಗುಮಾನ ಬೆಳೆಸಿಕೊಳ್ಳಬೇಕು. ಗುರುತಿಲ್ಲದ ಬ್ಯಾಟರಿ ಎದುರಾದರೆ ಗಂಟಲು ಸರಿಮಾಡಿಕೊಳ್ಳಬೇಕು, ಪಿನ್ನನ್ನು ಒಳಗೆಳೆದುಕೊಳ್ಳಬೇಕು. ಇದಾವುದೂ ಆಗದಿದ್ದರೆ ಒಂದೇ ಒಂದು ಉಪಕಾರ. ಗವಸಿನಿಂದ ಹೀಗಾಯಿತೆಂದು ಅಮ್ಮನಿಗೆ ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಚಾರ್ಜರ್ ಕೆಟ್ಟು ಬಿಸಿಯಾಗಿತ್ತು ಎಂದುಬಿಟ್ಟೆವು. ತಮ್ಮ ಹೆಸರು ಕೆಡಿಸಿದ್ದಕ್ಕೆ ಕ್ಷಮೆಯಿರಲಿ. ಆದರೆ ಅಮ್ಮ, “ಪಾಪ, ಪರದೆ ಬಟ್ಟೆ ಅದಕ್ಕೆ ಸೆಕೆ ಆಗಿರಬೇಕು” ಎಂದು ಇಬ್ಬರಿಗೂ ತೆಳು ಹತ್ತಿಯ ಹೊಸ ಗವಸು ಕತ್ತರಿಸುತ್ತ ಕೂತಿದ್ದಾಳೆ. ಈಗ ಹೇಳದಿದ್ದರೆ ಆಗದು. ಆ ಮಾತನ್ನು ತಾವೇ, ಅವಳ ಮನಸ್ಸಿಗೆ ನೋವಾಗದ ಹಾಗೆ, ಇಂದು ಸಂಜೆಯೊಳಗೆ ಹೇಳಿಬಿಡಬೇಕು.

ಗೋಡೆಯ ಸ್ವಿಚ್ಚು ಆರಿಸಿದಾಗ ಮಾತ್ರ
ತಮ್ಮ ವಿಶ್ವಾಸಿ,
ಪುಟ ತಿರುಗಿಸಿದವನು

ಮರೆತ ಮಾತು: ಈ ಪತ್ರದ ಪ್ರತಿಯನ್ನು ತಮ್ಮ ಪಿನ್ನಿನ ಅಚ್ಚು ಮಾಡಿದವರಿಗೂ ಕಳುಹಿಸಬೇಕೆಂದಿದ್ದೆ, ವಿಳಾಸ ಸಿಗಲಿಲ್ಲ. ಬೇರೆ ಬೇರೆ ವೋಲ್ಟಿನ ಚಾರ್ಜರುಗಳಿಗೆ ಒಂದೇ ಪಿನ್ ಸಾಕೆಂದು ತೀರ್ಮಾನಿಸಿ ಅಂದು ನೆಮ್ಮದಿಯಾಗಿ ಮನೆಗೆ ಹೋದವರೇ, ನಿಮ್ಮ ಅಮ್ಮ ಯಾವ ಕೋಣೆಯಲ್ಲಿ ಮಲಗುತ್ತಾರೆ?